ಸೂಜಿಗೆ ಮಣಿಯುವ ಬಟ್ಟೆ

ಹೊಸ ಬಟ್ಟೆಯಿಂದ ಕೌದಿ ಆಗುವುದಿಲ್ಲ. ಗಂಜಿ ಬಿಡದ ಅರಿವೆಯನ್ನು ಐದಾರು ಪದರ ಹಿಡಿದು ಸೂಜಿ ಚುಚ್ಚಿ ನೋಡಿ, ಬೆರಳೇ ಸೋಲುತ್ತದೆ. ವರ್ಷಗಟ್ಟಲೆ ಒಗೆಯುವ ಕಲ್ಲಿನ ಪೆಟ್ಟು ತಿಂದ ನೂಲಿನ ಸೀರೆಯಾದರೆ ಸೂಜಿ ತಾನಾಗಿ ಇಳಿಯುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಬಟ್ಟೆಯ ಗಂಟು ನಾಗೊಂದಿಗೆಯ ಮೇಲೆ ಕಾಯುತ್ತಿತ್ತು. ಸುಗ್ಗಿ ಮುಗಿದು ಕೈ ಬಿಡುವಾದಾಗ ಅದು ಪಡಸಾಲೆಗೆ ಇಳಿಯುತ್ತಿತ್ತು. ಕೆಳಗೆ ಇಳಕಲ್ಲ ಸೀರೆ, ನಡುವೆ ಧೋತರದ ಪದರಗಳು, ಮೇಲೆ ಬಣ್ಣದ ತೇಪೆ. ಗುಳೇದಗುಡ್ಡದ ಖಣದ ಹಳೆ ಕುಬಸವಿದ್ದರೆ ಮುಕ್ಕೋನವಾಗಿ ಕತ್ತರಿಸಿ ಎದ್ದು ಕಾಣುವ ಜಾಗಕ್ಕೆ ಇಡುತ್ತಿದ್ದರು. ಹತ್ತಿ ತುಂಬುವ ಮಾತೇ ಇಲ್ಲ, ಬಟ್ಟೆಯೇ ಬಟ್ಟೆಗೆ ಹೂರಣ. ಮೂಲೆಗೊಬ್ಬರಂತೆ ಕುಳಿತು ಸಾಲು ಸಾಲು ಟಾಕಿ ಹಾಕುತ್ತ ಹೋದರೆ ಊರಿನ ಸುದ್ದಿಯೆಲ್ಲ ಅದರೊಳಗೆ ಹೊಲಿದುಹೋಗುತ್ತಿತ್ತು. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ ಗೊಂದಲಿಗರ ಹೆಣ್ಣುಮಕ್ಕಳು ಬಂದು ಹೊಲಿದುಕೊಡುತ್ತಿದ್ದರು.

ಕೌದಿಯ ತೂಕ ಗೊತ್ತಾಗುವುದು ಒಗೆಯುವಾಗ. ಮಹಾನವಮಿಯ ಮುಂಚೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೊರಡುತ್ತಿತ್ತು. ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತುವುದು ಆಗದ ಮಾತು. ಇಬ್ಬರು ಎರಡು ತುದಿ ಹಿಡಿದು ಹಗ್ಗದಂತೆ ಹುರಿ ಮಾಡಿ ಹಿಂಡಬೇಕು. ಹಿಡಿತ ತಪ್ಪಿದವರು ಹಳ್ಳದಲ್ಲಿ! ಆ ಪಾಳಿ ನನಗೂ ಬಂದಿದೆ.

ಚಾದರ, ರಗ್ಗು ಬಂದದ್ದರಿಂದ ಕೌದಿ ಹೋಯಿತು ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕೌದಿಯ ಬುಡಕ್ಕೆ ಪೆಟ್ಟು ಕೊಟ್ಟದ್ದು ಪಾಲಿಯೆಸ್ಟರ್ ಸೀರೆ. ಅದು ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ. ಅಂಥದ್ದೊಂದನ್ನು ಅಜ್ಜಿಯ ಮುಂದೆ ಹಿಡಿದಾಗ, "ಇದು ಟಾಕಿ ಹಿಡಿಯೂದಿಲ್ಲ, ಜಾರತೈತಿ" ಎಂದು ಪಕ್ಕಕ್ಕೆ ಸರಿಸಿದ್ದಳು. ಹಳತಾಗಲು ಒಲ್ಲದ ಬಟ್ಟೆಯನ್ನು ಕಟ್ಟಿಕೊಂಡು ಕೌದಿಯವರು ಏನು ಮಾಡಬೇಕು?

ಘಟ್ಟದ ಕಡೆ ಇದರ ಬಂಧುವೊಂದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ. ಒಂದು ಮೂಲೆಯಿಂದ ಹೊರಟ ಟಾಕಿ ಅಂಚಿನಗುಂಟ ಸುತ್ತುತ್ತ, ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ 'ಫುಲಾ', ಅಂದರೆ ಹೂ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದಕ್ಕೆ ಮನಸೋತು ಹೊಲಿಯುವವರ ಸಹಕಾರ ಸಂಘ ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಕವಂದಿಗಳು ತೂಗಿದವು. ಮಳೆಗಾಲದ ಥಂಡಿಗೆ ಮಕ್ಕಳನ್ನು ಸುತ್ತಿ ಮಲಗಿಸಲು ಹುಟ್ಟಿದ ವಸ್ತುವನ್ನು ಗೋಡೆಯ ಮೇಲೆ ನೋಡಿ ಹೊಲಿದವರಿಗೆ ಏನನ್ನಿಸಿತೋ!

ಈಗ ಪೇಟೆಯಲ್ಲಿ ಹೊಸ ಬಟ್ಟೆಯ ಕೌದಿಗಳೂ ಸಿಗುತ್ತವೆ. ಚೆಂದವಿವೆ, ಬೆನ್ನಿಗೆ ಮಾತ್ರ ಒರಟು. ನಮ್ಮ ಮನೆಯ ಕೌದಿಯ ಅಂಚು ಹೋದ ವರ್ಷ ಬಿಚ್ಚಿತು. ರಿಪೇರಿಗೆಂದು ಹರವಿ ಕುಳಿತರೆ ಒಳಗೊಂದು ಬೇರೆಯ ಟಾಕಿ ಕಂಡಿತು. ಸವೆದುಹೋದ ಇನ್ನೊಂದು ಕೌದಿಯನ್ನು ಅಜ್ಜಿ ಒಳಪದರಕ್ಕೆ ಹಾಕಿದ್ದಳು.