ಹತ್ತು ಗಂಟೆಯ ಚೀಟಿ, ಐದೂವರೆಯ ಬಸ್ಸು

ನಮ್ಮ ಮನೆಯ ಅಡುಗೆಕೋಣೆಯ ಗೋಡೆಯ ಮೇಲೆ ಎರಡು ಪಂಚಾಂಗಗಳಿವೆ. ಒಂದು ಹಬ್ಬಹರಿದಿನಗಳಿಗೆ; ಇನ್ನೊಂದು ಅಮ್ಮನ ಆಸ್ಪತ್ರೆಯ ತಾರೀಕುಗಳಿಗೆ. ಎರಡನೆಯದರಲ್ಲಿ ತಿಂಗಳಿಗೊಂದು ಬುಧವಾರಕ್ಕೆ ಕೆಂಪು ಪೆನ್ಸಿಲಿನ ಸುತ್ತು ಬಿದ್ದಿರುತ್ತದೆ. ಆ ಸುತ್ತಿನ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡುವುದಿಲ್ಲ. ಕಾಯಿಲೆಯ ಚಿಂತೆಯಿಂದಲ್ಲ, ಬಸ್ಸಿನ ಚಿಂತೆಯಿಂದ.

ನಮ್ಮ ಹಳ್ಳಿ ದೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಕಾಡುದಾರಿಯ ಒತ್ತಿನಲ್ಲಿದೆ. ಮೊದಲ ಬಸ್ಸು ಬೆಳಗಿನ ಐದೂವರೆಗೆ, ಎರಡನೆಯದು ಏಳೂವರೆಗೆ. ದೆಂಕಣಿಕೋಟೆಯಲ್ಲಿ ಇಳಿದು ಹೊಸೂರಿನ ಬಸ್ಸು, ಹೊಸೂರಿನಲ್ಲಿ ಇಳಿದು ಬೆಂಗಳೂರಿನ ಬಸ್ಸು, ಅಲ್ಲಿಂದ ಮುಂದೆ ಆಟೋ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುವುದು ಹತ್ತು ಗಂಟೆ. ಐದೂವರೆಯ ಬಸ್ಸು ಹಿಡಿದರೆ ಎಂಟೂವರೆಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತೇವೆ. ಏಳೂವರೆಯ ಬಸ್ಸಿಗೆ ಹೋದರೆ ಹತ್ತೂಮುಕ್ಕಾಲು, ಹನ್ನೊಂದು. ಅಂದರೆ ಒಂದೂವರೆ ಗಂಟೆ ಮುಂಚೆ, ಇಲ್ಲವೇ ಒಂದು ಗಂಟೆ ತಡ. ಹತ್ತು ಗಂಟೆಗೆ ಸರಿಯಾಗಿ ತಲುಪಿಸುವ ಬಸ್ಸು ನಮ್ಮ ಪಾಲಿಗೆ ಹುಟ್ಟಿಯೇ ಇಲ್ಲ. ನಗರದವರು ‘ವೇಳೆಗೆ ಸರಿಯಾಗಿ ಬನ್ನಿ’ ಎಂದು ಹೇಳುವಾಗ, ಈ ಸರಳವಾದ ಲೆಕ್ಕ ಅವರ ಗಮನಕ್ಕೆ ಬಂದಿರುವುದಿಲ್ಲ.

ಇಷ್ಟು ದೂರ ಹೋಗುವುದಾದರೂ ಏಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಒಂದು ರಸ್ತೆಯ ಹೆಸರಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ ‘ಹೊಸೂರು ರಸ್ತೆ’ ಎಂಬ ದಾರಿ ಇದೆಯಷ್ಟೆ. ನಮ್ಮ ಊರಿನ ಹೆಸರನ್ನು ಹೊತ್ತ ಆ ರಸ್ತೆಯ ಆಸುಪಾಸಿನಲ್ಲಿಯೇ ದೊಡ್ಡ ಆಸ್ಪತ್ರೆಗಳು ಸಾಲಾಗಿ ನಿಂತಿವೆ. ಕ್ಯಾನ್ಸರಿಗೆ ಹೆಸರಾದ ಕಿದ್ವಾಯಿ ಸಂಸ್ಥೆ 1973ರಲ್ಲಿ ಹುಟ್ಟಿತು. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. 1975ರಲ್ಲಿ ಸೇಂಟ್ ಜಾನ್ಸ್ ಆಸ್ಪತ್ರೆ ಬಂತು. ಮುಂದೆ ಈ ಶತಮಾನದ ಆರಂಭದ ಹೊತ್ತಿಗೆ ನಮಗೆ ಇನ್ನೂ ಹತ್ತಿರದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಎದ್ದಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ಗೆರೆ ಎಳೆದಾಗ ಹೊಸೂರು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಆದರೆ ಬೆಂಗಳೂರು ಇರುವುದು ನಲವತ್ತು ಕಿಲೋಮೀಟರ್ ದೂರದಲ್ಲಿ, ಚೆನ್ನೈ ಇರುವುದು ಮುನ್ನೂರರಷ್ಟು ದೂರದಲ್ಲಿ. ರೋಗಕ್ಕೆ ರಾಜ್ಯದ ಗೆರೆ ಕಾಣಿಸುವುದಿಲ್ಲ. ಬಸ್ಸಿನ ಟಿಕೆಟಿಗೆ ಮಾತ್ರ ಕಾಣಿಸುತ್ತದೆ.

ರೈಲಿನ ಮಾತನ್ನೂ ಆಡಿಬಿಡಬೇಕು. ಒಂದು ಕಾಲಕ್ಕೆ ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಒಂದು ಪುಟ್ಟ ರೈಲು ಬರುತ್ತಿತ್ತು. ತಿರುಪತ್ತೂರಿನಿಂದ ಕೃಷ್ಣಗಿರಿಗೂ ಅಂಥದೇ ಒಂದು ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ನಿಂತುಹೋದವು. ಹೊಸೂರಿಗೆ ಮತ್ತೆ ಹಳಿ ಬಂತು. 2004ರಲ್ಲಿ ಜಿಲ್ಲಾಕೇಂದ್ರವೇ ಆದ ಕೃಷ್ಣಗಿರಿಗೆ ಮಾತ್ರ ಇಂದಿಗೂ ರೈಲಿಲ್ಲ. ಹಾಗಾಗಿ ಆ ಕಡೆಯ ರೋಗಿಗಳಿಗೂ ಬಸ್ಸೇ ಗತಿ.

ಅಮ್ಮನಿಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತಂತೆ. ಆ ಜ್ವರ ಕೀಲುಗಳನ್ನು ಬಿಟ್ಟು ಹೋದರೂ ಹೃದಯದ ಕವಾಟವನ್ನು ಕೆಡಿಸಿಟ್ಟು ಹೋಗುತ್ತದೆ ಎಂಬುದು ನಮಗೆ ತಿಳಿದದ್ದು ನಲವತ್ತು ವರ್ಷಗಳ ಮೇಲೆ. 2009ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲೋಹದ ಕವಾಟ ಹಾಕಿದರು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು. ಮಾತ್ರೆ ಕಡಿಮೆಯಾದರೆ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಳ್ಳಬಹುದು, ಲಕ್ವ ಹೊಡೆಯಬಹುದು, ಹೆಚ್ಚಾದರೆ ರಕ್ತಸ್ರಾವ. ಎಷ್ಟು ಮಾತ್ರೆ ಎಂಬುದನ್ನು ರಕ್ತ ಪರೀಕ್ಷಿಸಿಯೇ ಹೇಳಬೇಕು. ಆ ಅಳತೆಗೆ ವೈದ್ಯರು ಐ.ಎನ್.ಆರ್. ಎನ್ನುತ್ತಾರೆ. ಅಮ್ಮನಿಗೆ ಅದು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು. ಸೊಪ್ಪುಸದೆ ಒಂದು ವಾರ ಹೆಚ್ಚು ತಿಂದರೂ, ಬೇರೆ ಕಾಯಿಲೆಗೆ ಬೇರೆ ಮಾತ್ರೆ ನುಂಗಿದರೂ ಅಂಕಿ ಏರುಪೇರಾಗುತ್ತದೆ. ಆದ್ದರಿಂದ ಆ ಬುಧವಾರದ ಭೇಟಿ ಎಂದರೆ ಬರಿಯ ‘ಹೇಗಿದ್ದೀರಿ’ ಎಂಬ ಉಪಚಾರದ ಮಾತಲ್ಲ.

2013ರ ಚಳಿಗಾಲದ ಒಂದು ಬುಧವಾರ ನಡೆದುದನ್ನು ಹೇಳುತ್ತೇನೆ. ಐದೂವರೆಯ ಬಸ್ಸು ಸರಿಯಾಗಿಯೇ ಬಂತು. ಮೂರು ಮೈಲಿ ಹೋಗುವಷ್ಟರಲ್ಲಿ ಚಾಲಕರು ದೀಪ ತಗ್ಗಿಸಿ ಗಾಡಿ ನಿಲ್ಲಿಸಿದರು. ಮುಂದೆ ರಸ್ತೆಯಲ್ಲಿ ಆನೆಗಳು. ಮರಿ ಇತ್ತಾದ್ದರಿಂದ ಹಿಂಡು ಅವಸರ ಮಾಡಲಿಲ್ಲ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬಸ್ಸಿನಲ್ಲಿದ್ದವರು ಯಾರೂ ಕೂಗಲಿಲ್ಲ, ಹಾರ್ನ್ ಹೊಡೆಯಿರಿ ಎಂದು ಹೇಳಲಿಲ್ಲ. ನಲವತ್ತು ನಿಮಿಷ ಹಾಗೆಯೇ ಕುಳಿತಿದ್ದೆವು. ದೆಂಕಣಿಕೋಟೆಯಲ್ಲಿ ಹಿಡಿಯಬೇಕಾದ ಬಸ್ಸು ತಪ್ಪಿತು. ಹೊಸೂರು ಬಿಡುವಾಗ ಎಂಟು ದಾಟಿತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡಿನವರೆಗೆ 2010ರಲ್ಲಿ ಮೇಲುಸೇತುವೆ ಆಗಿದೆಯಾದರೂ, ಅದರ ಮೇಲೆ ಹಾರಿಹೋದ ವಾಹನಗಳೆಲ್ಲ ಕೆಳಗಿಳಿದು ಸಿಲ್ಕ್ ಬೋರ್ಡಿನಲ್ಲಿಯೇ ಕೂಡಬೇಕಷ್ಟೆ. ಅಲ್ಲಿ ಮುಕ್ಕಾಲು ಗಂಟೆ.

ರಕ್ತ ತೆಗೆಯುವ ಕಿಟಕಿ ಹತ್ತಕ್ಕೆ ಮುಚ್ಚುತ್ತಿತ್ತು. ನಾವು ತಲುಪಿದಾಗ ಹತ್ತೂ ಇಪ್ಪತ್ತು.

ಕಿಟಕಿಯಲ್ಲಿದ್ದ ಹುಡುಗ ಒರಟನಲ್ಲ. “ಅಮ್ಮಾ, ಟ್ಯೂಬುಗಳೆಲ್ಲ ಮೇಲಕ್ಕೆ ಹೋದುವು. ಮುಂದಿನ ಬುಧವಾರ ಬನ್ನಿ” ಎಂದ. ಆನೆಯ ವಿಷಯ ಹೇಳಿದೆ. ಅವನು ನಕ್ಕುಬಿಟ್ಟ, ನಾನು ಹೊಸ ನೆಪವೊಂದನ್ನು ಕಟ್ಟಿದೆನೆಂದು ಭಾವಿಸಿರಬೇಕು. ಬೆಂಗಳೂರಿನ ಗೋಡೆಗಳೊಳಗೆ ಅದು ನಿಜಕ್ಕೂ ಕಟ್ಟುಕಥೆಯಂತೆಯೇ ಕೇಳಿಸಿತು. ವೈದ್ಯರನ್ನು ನೇರವಾಗಿ ಕಾಣೋಣವೆಂದರೆ ರಕ್ತದ ವರದಿಯಿಲ್ಲದೆ ಒಳಗೆ ಬಿಡುವಂತಿರಲಿಲ್ಲ. ಅಮ್ಮ ಬೆಂಚಿನ ಮೇಲೆ ಕುಳಿತು ತಂದಿದ್ದ ಇಡ್ಲಿಯ ಗಂಟು ಬಿಚ್ಚಿದಳು. “ಬಿಡು ಮಗಳೇ, ಹಳೇ ಲೆಕ್ಕದಲ್ಲೇ ಮಾತ್ರೆ ನುಂಗ್ತೀನಿ. ಒಂದು ವಾರ ತಾನೆ” ಎಂದಳು.

ಆ ವಾರದ ಮಧ್ಯೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರತೊಡಗಿತು. ನನಗೆ ಹೇಳಿದರೆ ಕೆಲಸ ಬಿಟ್ಟು ಓಡಬೇಕಾಗುತ್ತದೆಂದು ಎರಡು ದಿನ ಮುಚ್ಚಿಟ್ಟಳು. ಮುಂದಿನ ಬುಧವಾರ ಪರೀಕ್ಷೆಯಲ್ಲಿ ಅಂಕಿ ಆರರ ಹತ್ತಿರ ಬಂತು. ವೈದ್ಯರು ಮಾತ್ರೆ ನಿಲ್ಲಿಸಿ ಎರಡು ದಿನ ಅಲ್ಲಿಯೇ ಇರಿಸಿಕೊಂಡರು. ಹಿಂದಿನ ವಾರ ಏಕೆ ಬರಲಿಲ್ಲವೆಂದು ಗದರಿಸಿದರು. ಬಂದಿದ್ದೆವು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನ ಚೀಟಿಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಿಂದ, ಈ ರೋಗಿ ದೂರದಿಂದ ಬರುತ್ತಾರೆ, ತಡವಾದರೂ ರಕ್ತ ತೆಗೆಯಬೇಕು ಎಂದು ಬರೆದು ಸಹಿ ಹಾಕಿದರು. ಎರಡು ಸಾಲು. ಅಷ್ಟನ್ನು ಮೊದಲೇ ಕೇಳಬಹುದಿತ್ತೆಂಬುದು ನಮಗೆ ಹೊಳೆದೇ ಇರಲಿಲ್ಲ. ದೂರದಿಂದ ಹೋಗುವ ನಮ್ಮ ಓದುಗರು ಮೊದಲ ಭೇಟಿಯಲ್ಲಿಯೇ ಇದನ್ನು ಕೇಳಿ ಬರೆಸಿಕೊಳ್ಳುವುದು ಲೇಸು. ಕೇಳಿದರೆ ಎಲ್ಲರೂ ಕೊಡುತ್ತಾರೆಂದು ಹೇಳಲಾರೆ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ತಡವಾಗುವುದರ ಕಷ್ಟವನ್ನು ಎಲ್ಲರೂ ಬಲ್ಲರು. ಮುಂಚೆ ಹೋಗುವುದರ ಕಷ್ಟವನ್ನು ಯಾರೂ ಕಷ್ಟವೆಂದೇ ಎಣಿಸುವುದಿಲ್ಲ. ಸಕ್ಕರೆ ಕಾಯಿಲೆಯವರು ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ನಾಲ್ಕು ಗಂಟೆಗೆ ಎದ್ದು ಬಂದು, ಒಂಬತ್ತೂವರೆಯವರೆಗೆ ಏನೂ ತಿನ್ನದೆ ತಲೆ ಸುತ್ತಿ ಗೋಡೆಗೆ ಒರಗಿ ಕುಳಿತಿರುವುದನ್ನು ನಾನು ಕಂಡಿದ್ದೇನೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಮುದುಕಿಯರು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಹೀಗೆ ಬತ್ತಿದ ನರದಲ್ಲಿ ರಕ್ತ ಸಿಗದೆ ಎರಡು ಮೂರು ಕಡೆ ಚುಚ್ಚಿಸಿಕೊಳ್ಳುತ್ತಾರೆ.

ಈ ಕಾಯುವಿಕೆಯ ಬಗ್ಗೆ ಲೆಕ್ಕ ಹಾಕಿದವರೂ ಇದ್ದಾರೆ. 1952ರಲ್ಲಿ ಇಂಗ್ಲೆಂಡಿನ ವೆಲ್ಷ್ ಮತ್ತು ಬೇಯ್ಲಿ ಎಂಬಿಬ್ಬರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರರೋಗಿ ವಿಭಾಗದ ವೇಳಾಪಟ್ಟಿಯನ್ನು ಕುರಿತು ಒಂದು ಪ್ರಬಂಧ ಬರೆದರು. ಎಲ್ಲರನ್ನೂ ಒಂದೇ ಗಂಟೆಗೆ ಬರಹೇಳಬೇಡಿ. ಆರಂಭಕ್ಕೆ ಇಬ್ಬರನ್ನು ಕರೆಯಿರಿ, ಆಮೇಲೆ ಒಬ್ಬ ರೋಗಿಯನ್ನು ನೋಡಲು ಸರಾಸರಿ ಎಷ್ಟು ನಿಮಿಷ ಹಿಡಿಯುವುದೋ ಅಷ್ಟಷ್ಟು ಅಂತರದಲ್ಲಿ ಒಬ್ಬೊಬ್ಬರಿಗೆ ವೇಳೆ ಕೊಡಿ. ಆಗ ವೈದ್ಯರೂ ಸುಮ್ಮನೆ ಕೂರಬೇಕಾಗದು, ರೋಗಿಯೂ ಬಹಳ ಹೊತ್ತು ಕಾಯಬೇಕಾಗದು ಎಂಬುದು ಅವರ ಲೆಕ್ಕ. ಎಪ್ಪತ್ತು ವರ್ಷಗಳು ದಾಟಿದರೂ ನಮ್ಮ ಎಷ್ಟೋ ಕಡೆ ಇನ್ನೂರು ಚೀಟಿಗಳ ಮೇಲೆ ‘ಹತ್ತು ಗಂಟೆ’ ಎಂದೇ ಇರುತ್ತದೆ. ಒಂದು ಮಾತು ಸೇರಿಸುತ್ತೇನೆ. ಅವರ ಲೆಕ್ಕದಂತೆಯೇ ವೇಳೆ ಹಂಚಿದರೂ ಯಾರಿಗೆ ಯಾವ ವೇಳೆ ಎಂಬ ಪ್ರಶ್ನೆ ಉಳಿಯುತ್ತದೆ. ಮಡಿವಾಳದವರಿಗೆ ಹನ್ನೆರಡು, ಅಂಚೆಟ್ಟಿಯವರಿಗೆ ಎಂಟೂವರೆ ಎಂದು ಬರೆದರೆ ಅದು ನ್ಯಾಯವಾದೀತೆ?

ಬಸ್ಸು ತಡವಾಗುವುದು ಒಂದು. ಬಸ್ಸೇ ಇಲ್ಲದಿರುವುದು ಇನ್ನೊಂದು. ಗಡಿಯವರಿಗೆ ಎರಡನೆಯದೂ ಹೊಸದಲ್ಲ. 1991ರ ಡಿಸೆಂಬರಿನ ಕಾವೇರಿ ಗಲಭೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದ ಮೇಲೆ ಎರಡೂ ಕಡೆಯ ಬಸ್ಸುಗಳು ಗಡಿಯಲ್ಲಿಯೇ ನಿಂತವು. ಜೂಜುವಾಡಿಗೂ ಅತ್ತಿಬೆಲೆಗೂ ನಡುವೆ ಜನ ತಲೆಯ ಮೇಲೆ ಗಂಟು ಹೊತ್ತು, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ನಡೆದರು. ಆ ವಾರದ ಬುಧವಾರ ಅಮ್ಮನ ತಾರೀಕು. ಲೋಹದ ಕವಾಟದ ಹೆಂಗಸನ್ನು ಆ ಬಿಸಿಲಿನಲ್ಲಿ ನಡೆಸುವ ಧೈರ್ಯ ನನಗಾಗಲಿಲ್ಲ. ಹೊಸೂರಿನ ಒಂದು ಪ್ರಯೋಗಶಾಲೆಯಲ್ಲಿ ರಕ್ತ ಕೊಟ್ಟು, ವರದಿ ಹಿಡಿದು ವೈದ್ಯರಿಗೆ ದೂರವಾಣಿಯಲ್ಲಿ ಅಂಕಿ ಓದಿದೆ. ಅವರು ಮಾತ್ರೆಯ ಲೆಕ್ಕ ಹೇಳಿದರು. ಇಷ್ಟು ಸುಲಭವಿತ್ತೇ ಎಂದು ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಹೀಗೆ ಕಲಿತ ಪಾಠ 2020ರಲ್ಲಿ ನಮ್ಮನ್ನು ಕಾಯಿತು. ಆ ಮಾರ್ಚಿನಲ್ಲಿ ಕೊರೊನಾ ಭೀತಿಯಿಂದ ದೇಶವೇ ಬಾಗಿಲು ಹಾಕಿತು. ಎರಡು ರಾಜ್ಯಗಳ ನಡುವಿನ ಬಸ್ಸು ಮತ್ತೆ ಓಡಿದ್ದು ನವೆಂಬರಿನಲ್ಲಿ. ದೂರವಾಣಿಯ ಮೂಲಕ ಚಿಕಿತ್ಸೆ ನೀಡಲು ವೈದ್ಯರಿಗೆ ಕೇಂದ್ರ ಸರ್ಕಾರ ಮಾರ್ಚ್ 25ರಂದು ಮಾರ್ಗಸೂಚಿ ಹೊರಡಿಸಿತು. ನಮ್ಮದು ಹೇಗೋ ಸಾಗಿತು. ಕಾಸರಗೋಡಿನ ನಮ್ಮ ಬಂಧುಗಳ ಪಾಡು ಹಾಗಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅವರಿಗೆ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಹೊರಟ ಹಲವರು ದಾಟಲಾರದೆ ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ಅಷ್ಟರೊಳಗೆ ಹೋದ ಜೀವಗಳ ಪಾಲಿಗೆ ಅದು ತಡವಾಗಿ ಬಂದ ಬಸ್ಸು.

ಟಿಕೆಟಿನ ಮಾತು ಹೇಳಿದೆನಲ್ಲ, ಅದು ಸ್ವಲ್ಪ ತಮಾಷೆಯದು. 2021ರ ಮೇ ತಿಂಗಳಿನಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ನಾವು ಹಳ್ಳಿಯಿಂದ ದೆಂಕಣಿಕೋಟೆಗೆ ಹಾಗೆಯೇ ಬರುತ್ತೇವೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಅದು ಕರ್ನಾಟಕದ ವಿಳಾಸವುಳ್ಳ ಹೆಂಗಸರಿಗೆ, ಆ ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ. ಅತ್ತಿಬೆಲೆಯಲ್ಲಿರುವ ಚಿಕ್ಕಮ್ಮ ಒಮ್ಮೊಮ್ಮೆ ನಮ್ಮ ಜೊತೆಗೆ ಬರುತ್ತಾಳೆ. ಒಂದೇ ಸೀಟಿನಲ್ಲಿ ಅಕ್ಕತಂಗಿಯರು ಕೂರುತ್ತಾರೆ. ಕಂಡಕ್ಟರು ತಂಗಿಯ ಗುರುತಿನ ಚೀಟಿ ನೋಡಿ ಸೊನ್ನೆಯ ಟಿಕೆಟು ಕೊಡುತ್ತಾರೆ, ಅಕ್ಕನ ಹತ್ತಿರ ದುಡ್ಡು ಕೇಳುತ್ತಾರೆ. “ನಾನೇನು ಕನ್ನಡದವಳಲ್ವೇನಪ್ಪ?” ಎಂದು ಅಮ್ಮ ಒಮ್ಮೆ ಕೇಳಿಯೇಬಿಟ್ಟಳು. “ಕನ್ನಡದವ್ರೇ ಕಣಮ್ಮಾ, ಆಧಾರ್ ಹೊಸೂರಿಂದು” ಎಂದರು ಅವರು.

ಈಚೆಗೆ ದಾರಿ ಅಷ್ಟಿಷ್ಟು ಸುಧಾರಿಸಿದೆಯೆಂಬುದನ್ನು ಒಪ್ಪಬೇಕು. 2021ರ ಆಗಸ್ಟ್ 5ರಂದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ, ಮನೆಬಾಗಿಲಿಗೆ ವೈದ್ಯವನ್ನು ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಸಕ್ಕರೆ, ರಕ್ತದೊತ್ತಡದ ಮಾತ್ರೆಗಾಗಿಯೇ ಬಸ್ಸು ಹಿಡಿಯುತ್ತಿದ್ದ ಮುದುಕರಿಗೆ ಅದು ಅನುಕೂಲ. 2022ರ ಜನವರಿಯಲ್ಲಿ ಕೃಷ್ಣಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2025ರ ಆಗಸ್ಟ್ 11ರಿಂದ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಯವರೆಗೆ ಮೆಟ್ರೋ ಓಡುತ್ತಿದೆ. ಜಯದೇವ ಹೃದ್ರೋಗ ಆಸ್ಪತ್ರೆಯ ಹೆಸರಿನದೇ ಒಂದು ನಿಲ್ದಾಣವಿದೆ. ಆರಂಭದಲ್ಲಿ 25 ನಿಮಿಷಕ್ಕೊಂದು ರೈಲಿತ್ತು. ಹಾಗಿದ್ದರೂ ಸಿಲ್ಕ್ ಬೋರ್ಡಿನ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ. ಅಮ್ಮನಿಗೆ ಅದರ ಚಲಿಸುವ ಮೆಟ್ಟಿಲೆಂದರೆ ಮಾತ್ರ ಆನೆಗಿಂತ ಹೆಚ್ಚು ಭಯ.

ಈಗ ನಾವು ಎರಡು ತಿಂಗಳು ಹೊಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಮೂರನೆಯ ತಿಂಗಳು ಬೆಂಗಳೂರಿಗೆ ಹೋಗುತ್ತೇವೆ. ರಕ್ತ ತೆಗೆಯುವ ಕಿಟಕಿಯೂ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಏಳೂವರೆಯ ಬಸ್ಸಿಗೇ ಹೋಗಬಹುದೆಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಅಮ್ಮ ನಾಲ್ಕಕ್ಕೇ ಎದ್ದು, ಇಡ್ಲಿ ಕಟ್ಟಿ, ಐದೂಕಾಲಿಗೆ ರಸ್ತೆಯ ಬದಿಯಲ್ಲಿ ಕೈಚೀಲ ಹಿಡಿದು ನಿಂತಿರುತ್ತಾಳೆ. ಚೀಲದಲ್ಲಿ, ಮಡಿಕೆಗಳಲ್ಲಿ ಹರಿದು ಗೋಂದಿನಿಂದ ಅಂಟಿಸಿದ ಆ ಕೆಂಪು ಶಾಯಿಯ ಚೀಟಿ ಇನ್ನೂ ಇದೆ.