ಕೋಕೋ ಬೆಲೆ ಏರಿತು, ರೈತ ಎಲ್ಲಿದ್ದ?

ಮಗುವಿನ ಹುಟ್ಟುಹಬ್ಬಕ್ಕೆ ಚಾಕೊಲೇಟ್ ತರ್ತೀರಿ. ರೇಟು ನೋಡ್ತೀರಿ, ಎಕ್ಸ್‌ಪೈರಿ ಡೇಟು ನೋಡ್ತೀರಿ. ಒಳಗಿರೋ ಕೋಕೋ ಯಾರ ತೋಟದ್ದು, ಅವನಿಗೆ ಸಿಕ್ಕಿದ್ದೆಷ್ಟು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?

ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಪಶ್ಚಿಮ ಆಫ್ರಿಕಾದ ಎರಡೇ ದೇಶಗಳಿಂದ: ಐವರಿ ಕೋಸ್ಟ್ ಮತ್ತು ಘಾನಾ. ಬೆಳೆಯುವವರಲ್ಲಿ ಬಹುತೇಕರು ಕೆಲವೇ ಎಕರೆಯ ಸಣ್ಣ ರೈತರು. ಮರದ ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯನ್ನು ಕೊಯ್ದು, ಒಡೆದು, ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ಐದಾರು ದಿನ ಹುದುಗಿಸಬೇಕು. ಆಮೇಲೆ ಬಿಸಿಲಲ್ಲಿ ಒಣಗಿಸಬೇಕು. ಚಾಕೊಲೇಟಿನ ಪರಿಮಳಕ್ಕೆ ಬುನಾದಿ ಬೀಳೋದೇ ಈ ಅಂಗಳದಲ್ಲಿ. ಕೂಲಿ ಕೊಡೋಕೆ ಕಾಸಿಲ್ಲದ ಮನೆಗಳಲ್ಲಿ ಈ ಕೆಲಸಕ್ಕೆ ಮಕ್ಕಳೇ ಕತ್ತಿ ಹಿಡೀತಾರೆ.

ಈಗ ಲೆಕ್ಕಕ್ಕೆ ಬನ್ನಿ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಅಂದ್ರೆ ಕೆಜಿಗೆ 10 ಡಾಲರ್. ಅದೇ ತಿಂಗಳು ಐವರಿ ಕೋಸ್ಟ್ ರೈತನಿಗೆ ಸರ್ಕಾರ ನಿಗದಿ ಮಾಡಿದ್ದ ದರ ಕೆಜಿಗೆ 1,000 ಸಿಎಫ್‌ಎ ಫ್ರಾಂಕ್. ಡಾಲರ್ ಲೆಕ್ಕದಲ್ಲಿ ಒಂದೂಮುಕ್ಕಾಲೂ ಇಲ್ಲ!

ಯಾಕೆ ಹೀಗೆ? ಅಲ್ಲಿನ ಸರ್ಕಾರಿ ಮಂಡಳಿ ಬರುವ ಫಸಲನ್ನು ತಿಂಗಳುಗಟ್ಟಲೆ ಮೊದಲೇ ಮಾರಿ, ಅದರ ಮೇಲೆ ಹಂಗಾಮಿನ ದರ ಕಟ್ಟುತ್ತೆ. ಬೆಲೆ ಬಿದ್ದಾಗ ಇದು ರೈತನಿಗೆ ಆಸರೆ, ಒಪ್ಪೋಣ. ಏರಿದಾಗ ಇದೇ ಕೈಕೋಳ. ಏಪ್ರಿಲ್‌ನಲ್ಲಿ ದರವನ್ನು 1,500ಕ್ಕೆ ಏರಿಸಿದರು. ಅಷ್ಟರಲ್ಲಿ ಮುಖ್ಯ ಫಸಲು ಮುಗಿದೇ ಹೋಗಿತ್ತು.

ಅಸಲಿಗೆ ಬೆಲೆ ಏರಿದ್ದೇ ಫಸಲು ಕೈಕೊಟ್ಟಿದ್ದಕ್ಕೆ. ಅತಿಮಳೆ, ಕಾಯಿಕೊಳೆ, ಗಿಡವನ್ನೇ ಕೊಲ್ಲುವ ವೈರಸ್ ರೋಗ, ಜೊತೆಗೆ ಮುದಿಯಾದ ಮರಗಳು. ವರ್ಷಗಟ್ಟಲೆ ಪುಡಿಗಾಸು ಪಡೆದವನು ಹೊಸ ಸಸಿ ನೆಡೋದು ಯಾವ ದುಡ್ಡಲ್ಲಿ, ಗೊಬ್ಬರ ಹಾಕೋದು ಯಾವ ದುಡ್ಡಲ್ಲಿ? ಅವನಿಗೆ ಕೊಡದೆ ಉಳಿಸಿದ ಹಣವೇ ಕೊನೆಗೆ ನಮ್ಮ ಅಂಗಡಿಯಲ್ಲಿ ದುಬಾರಿ ಚಾಕೊಲೇಟಾಗಿ ತಿರುಗಿ ಬಂತು.

ದಾರಿ ಇಲ್ವಾ? ನಮ್ಮ ಪುತ್ತೂರನ್ನೇ ನೋಡಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಕೋಕೋ ಹಾಕಿದ್ದ ರೈತರಿಗೆ 1980ರ ಹೊತ್ತಿಗೆ ಕೊಳ್ಳುವವರೇ ಇಲ್ಲದಂತಾಯ್ತು. ಆಗ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳೀತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರುಮಾಡಿತು. ಹಾಗಂತ ಅಲ್ಲಿ ದರ ಏರಿಳಿಯೋದು ನಿಂತಿಲ್ಲ. ಆದ್ರೆ ಬೀಜ ಮಾರುವವನಿಗೆ ಚಾಕೊಲೇಟಿನಲ್ಲೂ ಒಂದು ಪಾಲಿದೆ.

ಬೆಲೆ ಏರೋದೇ ನ್ಯಾಯ ಅಲ್ಲ ಸ್ವಾಮಿ. ಏರಿದ ಬೆಲೆ ಕಾಯಿ ಒಡೆದ ಕೈಗೂ ತಲುಪಬೇಕು. ಮುಂದಿನ ಸಲ ಚಾಕೊಲೇಟ್ ಪೊಟ್ಟಣ ಕೈಗೆ ತಗೊಂಡಾಗ ರೇಟಿನ ಜೊತೆ ಆ ಕೈಯೂ ನೆನಪಾಗಲಿ.