ಬೀದರ ಪ್ರದೇಶದ ಶೀತಕಾಲ: ಹವಾಮುನ್ಸೂಚನೆಯೂ ಹಸ್ತಪ್ರತಿಗಳ ಹಿಮಲಕ್ಷಣವೂ

ಪ್ರತಿವರ್ಷ ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೀದರ, ಭಾಲ್ಕಿ, ಔರಾದ ತಾಲೂಕುಗಳ ಹವಾಮುನ್ಸೂಚನೆಯನ್ನು ಓದುವವರಿಗೆ ಒಣಹವೆ, ಶೀತಗಾಳಿ, ಮಂಜು, ನೆಲಹಿಮ ಎಂಬ ಶಬ್ದಗಳು ಮತ್ತೆ ಮತ್ತೆ ಎದುರಾಗುತ್ತವೆ. ವ್ಯವಹಾರದಲ್ಲಿ ಇವೆಲ್ಲವನ್ನೂ 'ಚಳಿ' ಎಂಬ ಒಂದೇ ಮಾತಿನಲ್ಲಿ ಅಡಕಗೊಳಿಸುವುದುಂಟು. ಆದರೆ ಇವು ಒಂದಕ್ಕೊಂದು ಪರ್ಯಾಯಗಳಲ್ಲ. ಕೆಲವು ಪರಸ್ಪರ ವಿರುದ್ಧವಾದ ಸ್ಥಿತಿಗಳನ್ನೇ ಸೂಚಿಸುತ್ತವೆ. ಈ ಭೇದವನ್ನು ತಿಳಿಯುವುದು ಕೃಷಿಕನಿಗೆ ಎಷ್ಟು ಅಗತ್ಯವೋ, ಜ್ಯೋತಿಷ, ಶಕುನ, ವೃಷ್ಟಿಲಕ್ಷಣ ವಿಷಯಕವಾದ ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸನಿಗೂ ಅಷ್ಟೇ ಅಗತ್ಯ. ಮೊದಲು ಈ ಪ್ರದೇಶದ ಚಳಿಯ ಸ್ವರೂಪವನ್ನೂ ಮುನ್ಸೂಚನೆಯ ಕ್ರಮವನ್ನೂ ವಿವರಿಸಿ, ಅನಂತರ ಗ್ರಂಥಗಳ ಪರಿಭಾಷೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ನೆಲದ ಸ್ವರೂಪ

ಬೀದರ ಜಿಲ್ಲೆ ಕರ್ನಾಟಕದ ಉತ್ತರದ ತುದಿ. ಅದರಲ್ಲಿಯೂ ಔರಾದ ತಾಲೂಕು ರಾಜ್ಯದ ಅತ್ಯಂತ ಉತ್ತರದ ಭಾಗ. ಬೀದರ ನಗರವು ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮೇಲೆ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತಿದೆ. ಮಾಂಜರಾ ನದಿಯ ಆಚೆಗೆ ಔರಾದದ ಕಪ್ಪುನೆಲ. ಭಾಲ್ಕಿಯ ಕಡೆ ಮಾಂಜರಾ ಮತ್ತು ಅದರ ಉಪನದಿಯಾದ ಕಾರಂಜಾಗಳ ತಗ್ಗು. ಎತ್ತರದ ನಗರ, ತಗ್ಗಿನ ಹೊಲ, ನದಿಯ ಬಯಲು ಎಂಬ ಈ ಮೂರು ಭೇದಗಳಿಂದಾಗಿ ಒಂದೇ ರಾತ್ರಿಯಲ್ಲಿ ಮೂರು ಕಡೆ ಮೂರು ಬಗೆಯ ಚಳಿ ಕಾಣಿಸಿಕೊಳ್ಳಬಲ್ಲದು. ಆದುದರಿಂದ ನಗರದ ಮಾಪಕದಲ್ಲಿ ಕಂಡ ಅಂಕಿಯನ್ನೇ ಇಡೀ ಜಿಲ್ಲೆಗೆ ಅನ್ವಯಿಸುವುದು ಯುಕ್ತವಲ್ಲ.

ಡಿಸೆಂಬರ್ ಇಲ್ಲಿಯ ಅತ್ಯಂತ ತಂಪಿನ ತಿಂಗಳು. ಜಿಲ್ಲೆಯ ಹಳೆಯ ವಿವರಣೆಗಳಲ್ಲಿ ಆ ತಿಂಗಳ ಕನಿಷ್ಠ ಉಷ್ಣತೆಯ ಸರಾಸರಿ ಸುಮಾರು ೧೬ ಡಿಗ್ರಿ ಸೆಲ್ಸಿಯಸ್ ಎಂದಿದೆ. ಆದರೆ ಸರಾಸರಿಯು ಚಳಿಯ ಪ್ರಕೋಪವನ್ನು ತಿಳಿಸದು. ೧೯೦೧ರ ಜನವರಿ ೫ರಂದು ಬೀದರದಲ್ಲಿ ೨.೯ ಡಿಗ್ರಿ ದಾಖಲಾಗಿತ್ತು. ನೆಲಹಿಮ ಇಲ್ಲಿ ವಿರಳವೇ ಹೊರತು ಅಸಂಭವವಲ್ಲ ಎಂಬುದಕ್ಕೆ ಈ ಒಂದು ಅಂಕಿ ಸಾಕು.

೨. ಚಳಿ ಬರುವ ಬಗೆ

ವಾಯವ್ಯ ಭಾರತದ ಮೇಲೆ ಪಶ್ಚಿಮದ ವಾಯುಕ್ಷೋಭೆಯೊಂದು ಹಾದುಹೋದ ಬಳಿಕ ಅದರ ಹಿಂದಿನಿಂದ ಒಣಗಿದ ತಂಪು ಗಾಳಿ ದಕ್ಷಿಣಕ್ಕೆ ಸಾಗುತ್ತದೆ. ಮಧ್ಯಭಾರತವನ್ನೂ ಮರಾಠವಾಡವನ್ನೂ ದಾಟಿ ಬರುವ ಆ ಗಾಳಿಗೆ ಕರ್ನಾಟಕದಲ್ಲಿ ಮೊದಲು ಎದುರಾಗುವ ನೆಲವೇ ಔರಾದ, ಭಾಲ್ಕಿ, ಬೀದರ. ಇದಕ್ಕೆ ಪ್ರತಿಯಾಗಿ ಬಂಗಾಳ ಉಪಸಾಗರದ ಕಡೆಯಿಂದ ಮೂಡಣ ಗಾಳಿ ಬೀಸಿದರೆ ತೇವವೂ ಮೋಡವೂ ಬಂದು ರಾತ್ರಿಯ ಉಷ್ಣತೆ ಏರುತ್ತದೆ. ಮುನ್ಸೂಚನೆ ಬರೆಯುವವನು ಮೊಟ್ಟಮೊದಲು ನಿರ್ಣಯಿಸಬೇಕಾದುದು ಈ ಎರಡು ಗಾಳಿಗಳಲ್ಲಿ ಯಾವುದು ಮೇಲುಗೈ ಪಡೆಯುವುದೆಂಬುದನ್ನು.

ಗಾಳಿ ತಂದ ತಂಪಿನ ಮೇಲೆ ನೆಲದ ತಂಪೂ ಸೇರುತ್ತದೆ. ಹಗಲು ಕಾಯ್ದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಆ ಶಾಖದ ಒಂದು ಪಾಲು ಹಿಂದಿರುಗುತ್ತದೆ; ಆಕಾಶ ನಿರ್ಮಲವಾಗಿದ್ದು, ಹವೆ ಒಣಗಿದ್ದು, ಗಾಳಿ ನಿಶ್ಚಲವಾಗಿದ್ದರೆ ಬಹುಪಾಲು ಹೊರಟೇಹೋಗುತ್ತದೆ. ಆಗ ನೆಲಕ್ಕೆ ತಾಗಿದ ಗಾಳಿಯ ಪದರವು ಮೇಲಿನ ಪದರಕ್ಕಿಂತ ತಂಪಾಗಿ, ಭಾರವಾಗಿ, ಇಳಿಜಾರನ್ನು ಹಿಡಿದು ನೀರಿನಂತೆ ತಗ್ಗಿಗೆ ಹರಿಯುತ್ತದೆ. ದಿಬ್ಬದ ಹೊಲ ಉಳಿದು ಹಳ್ಳದ ಮಗ್ಗುಲಿನ ಹೊಲ ಸುಟ್ಟಂತಾಗುವುದಕ್ಕೆ ಕಾರಣ ಇದೇ.

ಉಷ್ಣತೆಯನ್ನು ಅಳೆಯುವ ಮಾಪಕವು ನೆಲದಿಂದ ಒಂದು ಕಾಲು ಮೀಟರಿನಷ್ಟು ಮೇಲೆ, ಗಾಳಿಯಾಡುವ ಮರದ ಗೂಡಿನೊಳಗೆ ಇರುತ್ತದೆ. ಮೇಲೆ ಹೇಳಿದಂಥ ರಾತ್ರಿಯಲ್ಲಿ ಎಲೆಯ ಮೇಲ್ಮೈ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿರಬಹುದು. ಆದುದರಿಂದ ಪತ್ರಿಕೆಯಲ್ಲಿ ೩ ಡಿಗ್ರಿ ಎಂದು ಓದಿದಾಗ ಹೊಲದಲ್ಲಿ ಶೂನ್ಯವಾಗಿರಬಹುದೆಂದು ಊಹಿಸುವುದು ಅತಿಶಯೋಕ್ತಿಯಾಗದು.

೩. ಮುನ್ಸೂಚನೆಯನ್ನು ಓದುವ ಕ್ರಮ

೧೮೭೫ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ವಿಭಾಗಕ್ರಮದಲ್ಲಿ ಬೀದರ ಜಿಲ್ಲೆ ಉತ್ತರ ಒಳನಾಡಿಗೆ ಸೇರಿದೆ. ಬಯಲುಸೀಮೆಯ ನಿಲ್ದಾಣವೊಂದರಲ್ಲಿ ಕನಿಷ್ಠ ಉಷ್ಣತೆ ೧೦ ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದು, ಆ ದಿನದ ವಾಡಿಕೆಗಿಂತ ೪.೫ರಿಂದ ೬.೪ ಡಿಗ್ರಿಯಷ್ಟು ಕಡಮೆಯಾದರೆ ಅದು ಶೀತಗಾಳಿ, ೬.೪ಕ್ಕೂ ಹೆಚ್ಚು ಕಡಮೆಯಾದರೆ ತೀವ್ರ ಶೀತಗಾಳಿ. ವಾಡಿಕೆ ಏನೇ ಇರಲಿ, ೪ ಡಿಗ್ರಿಗೆ ಇಳಿದರೆ ಶೀತಗಾಳಿ, ೨ ಡಿಗ್ರಿಗೆ ಇಳಿದರೆ ತೀವ್ರ ಶೀತಗಾಳಿ ಎಂದೇ ಗಣನೆ. ಉದಾಹರಣೆಗೆ, ಒಂದು ದಿನದ ವಾಡಿಕೆ ೧೫ ಡಿಗ್ರಿ ಎಂದು ಇಟ್ಟುಕೊಂಡರೆ, ೧೧ ಡಿಗ್ರಿ ಬರಿಯ ಚಳಿ, ೧೦ ಡಿಗ್ರಿ ಶೀತಗಾಳಿ, ೮ ಡಿಗ್ರಿ ತೀವ್ರ ಶೀತಗಾಳಿ. ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಚ್ಚರಿಕೆಯ ತಾರತಮ್ಯವನ್ನು ಸೂಚಿಸುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಶೀತಗಾಳಿ ಎಂಬುದು ವಾಡಿಕೆಯೊಡನೆ ಹೋಲಿಸಿ ಹೇಳಿದ ಮಾತು. ನೆಲಹಿಮ ಎಂಬುದು ಎಲೆಯ ಮೇಲೆ ಘಟಿಸುವ ಭೌತಿಕ ಸಂಗತಿ. ಶೀತಗಾಳಿಯ ಘೋಷಣೆಯಾದರೂ ನೆಲಹಿಮ ಬೀಳದಿರಬಹುದು. ಹಾಗೆಯೇ ದಟ್ಟ ಮಂಜಿನ ಸೂಚನೆಯಿದ್ದರೆ ನೆಲಹಿಮದ ಭಯ ಸಾಮಾನ್ಯವಾಗಿ ಕಡಮೆ. ಏಕೆಂದರೆ ಮಂಜಿಗೆ ತೇವ ಬೇಕು. ತೇವವಿರುವ ಹವೆ ಶಾಖವನ್ನು ಸುಲಭವಾಗಿ ಬಿಟ್ಟುಕೊಡದು.

೪. ಪೈರಿನ ಮೇಲೆ ಪರಿಣಾಮ

ಈ ಕಾಲದಲ್ಲಿ ಹೊಲದಲ್ಲಿರುವುದು ತೊಗರಿ, ಕಡಲೆ, ಹಿಂಗಾರಿನ ಜೋಳ ಮತ್ತು ಕಬ್ಬು. ತೊಗರಿ ಹೂವು ಕಾಯಿಗಳಲ್ಲಿದ್ದಾಗ ಮಂಜು ಕವಿದರೆ ಹೂ ಉದುರುತ್ತದೆ, ರೋಗಕ್ಕೆ ಎಡೆಯಾಗುತ್ತದೆ. ಕಡಲೆಯು ಚಳಿಯನ್ನು ಬಯಸುವ ಪೈರಾದರೂ ಹೂವಿನ ಕಾಲದ ಅತಿಶೀತವನ್ನು ಸಹಿಸದು. ಹೂ ಬಿಟ್ಟರೂ ಕಾಯಿ ಕಟ್ಟದು. ನೆಲಹಿಮದಿಂದಾಗುವ ಹಾನಿಯ ರೀತಿಯೇ ಬೇರೆ: ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಒಡೆಯುತ್ತವೆ, ಬಿಸಿಲೇರಿದ ಮೇಲೆ ಎಲೆ ಕಪ್ಪಾಗಿ ಬೆಂದಂತೆ ಕಾಣುತ್ತದೆ.

ರೋಗವೇ ಬೇರೆಯಾದಾಗ ಔಷಧವೂ ಬೇರೆ. ನೆಲಹಿಮದ ಭಯವಿದ್ದರೆ ಸಂಜೆ ತೆಳುವಾಗಿ ನೀರು ಹಾಯಿಸಬೇಕು. ಒದ್ದೆಯಾದ ಕಪ್ಪುನೆಲ ಹಗಲಿನ ಶಾಖವನ್ನು ಹೆಚ್ಚಾಗಿ ಹಿಡಿದಿಡುತ್ತದೆ. ನೀರು ಹೆಪ್ಪುಗಟ್ಟುವಾಗಲೂ ಒಂದು ಗ್ರಾಮಿಗೆ ೮೦ ಕ್ಯಾಲೊರಿ ಶಾಖ ಹೊರಬರುತ್ತದೆ. ಮಂಜಿನ ದಿನ ಅದೇ ನೀರು ತೇವವನ್ನು ಹೆಚ್ಚಿಸಿ ರೋಗವನ್ನು ಬೆಳೆಸೀತು. ಒಂದು ಶಬ್ದವನ್ನು ತಪ್ಪಾಗಿ ಗ್ರಹಿಸಿದರೆ ಒಂದು ಹೊಲದ ಬೆಳೆ ಹೋಗಬಹುದು.

೫. ಗ್ರಂಥಗಳ ಪರಿಭಾಷೆ

ಇನ್ನು ಹಸ್ತಪ್ರತಿಗಳ ವಿಚಾರ. ಅಮರಕೋಶವು ಹಿಮ, ತುಷಾರ, ನೀಹಾರ, ಅವಶ್ಯಾಯ ಮೊದಲಾದವನ್ನು ಒಂದೇ ವರ್ಗದಲ್ಲಿ ಪರ್ಯಾಯಗಳಾಗಿ ಹೇಳುತ್ತದೆ. ಕವಿಗೆ ಇದರಿಂದ ಅನುಕೂಲವೇ. ಛಂದಸ್ಸಿಗೆ ಒಗ್ಗಿದ ಶಬ್ದವನ್ನು ಆರಿಸಿಕೊಳ್ಳಬಹುದು. ಶಾಸ್ತ್ರಗ್ರಂಥದ ಸಂಪಾದಕನಿಗೆ ಮಾತ್ರ ಇದೊಂದು ತೊಡಕು. ಪ್ರತಿಯೊಂದರಲ್ಲಿ 'ಹಿಮ', ಇನ್ನೊಂದರಲ್ಲಿ 'ನೀಹಾರ' ಎಂದಿದ್ದರೆ, ಕೋಶವನ್ನು ನಂಬಿ ಎರಡೂ ಒಂದೇ ಎಂದು ಪಾಠಾಂತರವನ್ನು ಕೈಬಿಡುವ ಅಪಾಯವಿದೆ.

ಈ ತೊಡಕಿಗೆ ಪರಿಹಾರ ಜೈನ ಆಗಮಪರಂಪರೆಯಲ್ಲಿಯೇ ದೊರೆಯುತ್ತದೆ. ಅಪ್ಕಾಯಿಕ ಜೀವಗಳನ್ನು ವಿವರಿಸುವಾಗ ಉತ್ತರಾಧ್ಯಯನ, ದಶವೈಕಾಲಿಕಗಳೂ ದಿಗಂಬರ ಸಂಪ್ರದಾಯದ ವಟ್ಟಕೇರಾಚಾರ್ಯರ ಮೂಲಾಚಾರವೂ ನೀರಿನ ಭೇದಗಳನ್ನು ಬೇರೆ ಬೇರೆಯಾಗಿ ಎಣಿಸಿವೆ. ಇಬ್ಬನಿಗೆ 'ಓಸ', ಹೆಪ್ಪುಗಟ್ಟಿದುದಕ್ಕೆ 'ಹಿಮ', ಮಂಜಿಗೆ 'ಮಹಿಕಾ', ಹುಲ್ಲಿನ ತುದಿಯಲ್ಲಿ ನಿಲ್ಲುವ ಹನಿಗೆ 'ಹರತನು'. ಹರತನುವು ಆಕಾಶದಿಂದ ಬಿದ್ದುದಲ್ಲ, ನೆಲದಿಂದ ಮೂಡಿ ತೃಣಾಗ್ರದಲ್ಲಿ ನಿಂತುದು ಎಂಬ ವ್ಯಾಖ್ಯಾನವಿದೆ. ಬೇರು ಹೀರಿದ ನೀರನ್ನು ಹುಲ್ಲು ರಾತ್ರಿಯಲ್ಲಿ ಎಲೆಯ ತುದಿಯಿಂದ ಹೊರಸೂಸುತ್ತದೆಂದೂ ಅದು ಇಬ್ಬನಿಗಿಂತ ಭಿನ್ನವೆಂದೂ ಇಂದಿನ ಸಸ್ಯಶಾಸ್ತ್ರ ಹೇಳುತ್ತದೆ. ಅಹಿಂಸಾವ್ರತಿಯು ಎಲ್ಲಿ ಕಾಲಿಡಬಾರದೆಂಬ ಪ್ರಶ್ನೆಯಿಂದ ಹುಟ್ಟಿದ ಈ ವಿವೇಚನೆ ಕೋಶಕಾರನ ಪಟ್ಟಿಗಿಂತ ಸೂಕ್ಷ್ಮವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಕನ್ನಡದಲ್ಲಿ ಈ ದೃಷ್ಟಿಯಿಂದ ಪರಿಶೀಲನಾರ್ಹವಾದ ಗ್ರಂಥಗಳು ಕೆಲವಿವೆ. ಕಲ್ಯಾಣದ ಚಾಳುಕ್ಯ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ೧೦೪೯ರಲ್ಲಿ, ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸಿದನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸುಮಾರು ೧೩೦೦ರಲ್ಲಿದ್ದ ಜೈನಕವಿ ರಟ್ಟನ ರಟ್ಟಮತವು ಮಳೆ, ಮಿಂಚು ಮೊದಲಾದ ನೈಸರ್ಗಿಕ ಲಕ್ಷಣಗಳನ್ನು ನಿರೂಪಿಸುತ್ತದೆ. ಅದು ತೆಲುಗಿಗೂ ಹೋದ ಗ್ರಂಥ.

೬. ಕಾಲಗಣನೆಯ ಎಚ್ಚರ

ಬೃಹತ್ಸಂಹಿತೆಯ ಗರ್ಭಲಕ್ಷಣಾಧ್ಯಾಯದ ಪ್ರಕಾರ ಚಳಿಗಾಲದಲ್ಲಿ ಮೇಘವು ಗರ್ಭ ಧರಿಸಿ ೧೯೫ ದಿನಗಳ ಬಳಿಕ ಮಳೆಯಾಗಿ ಪ್ರಸವಿಸುತ್ತದೆ. ಮಾರ್ಗಶಿರದಲ್ಲಿ ಅತಿಶೀತವೂ ಪುಷ್ಯದಲ್ಲಿ ಅತಿಯಾದ ಹಿಮಪಾತವೂ ಇರಬಾರದೆಂದು ವರಾಹಮಿಹಿರನ ಅಭಿಪ್ರಾಯ. ಚಳಿಯ ಒಂದು ದಿನಕ್ಕೂ ಮಳೆಯ ಒಂದು ದಿನಕ್ಕೂ ಇಂಥ ನಿಯತಸಂಬಂಧವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೂ ಗ್ರಂಥದ ಆಶಯವನ್ನು ಸರಿಯಾಗಿ ತಿಳಿಯಬೇಕಾದರೆ ಅಲ್ಲಿಯ 'ಪುಷ್ಯ' ಋತುಚಕ್ರದಲ್ಲಿ ಎಲ್ಲಿತ್ತೆಂಬುದನ್ನು ನಿರ್ಣಯಿಸಬೇಕು.

ಅಯನಚಲನದಿಂದ ನಿರಯನ ಮಾಸಗಳು ಸುಮಾರು ೭೧ ವರ್ಷಗಳಿಗೆ ಒಂದು ದಿನದಂತೆ ಋತುವಿನಲ್ಲಿ ಹಿಂದುಳಿಯುತ್ತವೆ. ಈಗ ಮಕರಸಂಕ್ರಮಣವು ನಿಜವಾದ ಉತ್ತರಾಯಣಾರಂಭಕ್ಕಿಂತ ಸುಮಾರು ೨೪ ದಿನ ತಡವಾಗಿ ಬರುತ್ತದೆ. ರಟ್ಟಕವಿಯ ಕಾಲದಲ್ಲಿ ಅಂತರ ಸುಮಾರು ೧೪ ದಿನ, ಶ್ರೀಧರಾಚಾರ್ಯನ ಕಾಲದಲ್ಲಿ ಸುಮಾರು ೧೧ ದಿನ, ಆರನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ನಾಲ್ಕೇ ದಿನ. ಎಂದರೆ ವರಾಹಮಿಹಿರನ ಪುಷ್ಯವು ಇಂದಿನ ಪುಷ್ಯಕ್ಕಿಂತ ಸರಾಸರಿ ಇಪ್ಪತ್ತು ದಿನ ಮುಂಚಿನ ಋತುಸ್ಥಿತಿಯದು. ಇದರ ಜೊತೆಗೆ ಪೂರ್ಣಿಮಾಂತ ಗಣನೆಯ ಪುಷ್ಯ ಕೃಷ್ಣಪಕ್ಷವು ಕನ್ನಡನಾಡಿನ ಅಮಾಂತ ಗಣನೆಯಲ್ಲಿ ಮಾರ್ಗಶಿರ ಬಹುಳವಾಗುತ್ತದೆ. ಈ ಎರಡು ತಿದ್ದುಪಡಿಗಳಿಲ್ಲದೆ ಹಳೆಯ ಲಕ್ಷಣವನ್ನು ಇಂದಿನ ಪಂಚಾಂಗಕ್ಕೆ ಹೊಂದಿಸಿ ಬೀದರದ ಚಳಿಯನ್ನು ನುಡಿಯುವುದು, ಅಥವಾ ಹೊಂದಲಿಲ್ಲವೆಂದು ಗ್ರಂಥಕಾರನನ್ನು ಹಳಿಯುವುದು, ಎರಡೂ ಅನುಚಿತ.

೭. ಓಲೆಗರಿಗಳ ರಕ್ಷಣೆ

ಶೀತಗಾಳಿಯ ಮುನ್ಸೂಚನೆ ಭಂಡಾರದ ಪಾಲಕರಿಗೂ ಉಪಯುಕ್ತ. ಉತ್ತರದ ಒಣಹವೆಯಲ್ಲಿ ಓಲೆಗರಿ ತನ್ನ ತೇವವನ್ನು ಕಳೆದುಕೊಂಡು ಪೆಡಸಾಗುತ್ತದೆ. ಅಂಚು ಮುರಿಯುವುದು ಇಂಥ ದಿನಗಳಲ್ಲಿಯೇ. ಬೆಳಗಿನ ಚಳಿಯಲ್ಲಿ ಕಟ್ಟನ್ನು ಬಿಚ್ಚಬಾರದು. ತಣ್ಣಗಿರುವ ಕಟ್ಟನ್ನು ಬೆಚ್ಚಗಿನ ಕೋಣೆಗೆ ತಂದರೆ ಬಟ್ಟೆಯ ಸುತ್ತು ತೆಗೆಯದೆ ಕೆಲವು ಗಂಟೆ ಇಡಬೇಕು; ಇಲ್ಲವಾದರೆ ಗರಿಯ ಮೇಲೆ ಇಬ್ಬನಿಯಂತೆ ತೇವ ಕೂರುತ್ತದೆ. ಚಳಿ ಕಾಯಿಸಲು ಕೋಣೆಯಲ್ಲಿ ಬೆಂಕಿ ಹಾಕುವುದಂತೂ ಸರ್ವಥಾ ವರ್ಜ್ಯ.

ಒಟ್ಟಿನಲ್ಲಿ, ಇಬ್ಬನಿ, ಮಂಜು, ಹಿಮಗಳ ಭೇದವು ಆಗಮದಲ್ಲಿ ಸ್ಪಷ್ಟ, ಹೊಲದಲ್ಲಿ ಪ್ರತ್ಯಕ್ಷ, ಮುನ್ಸೂಚನೆಯಲ್ಲಿ ನಿಯತ. ಕೋಶದಲ್ಲಿ ಮಾತ್ರ ಅಸ್ಪಷ್ಟ. ವೃಷ್ಟಿಲಕ್ಷಣಗ್ರಂಥಗಳ ಮುಂದಿನ ಪರಿಷ್ಕರಣಗಳಲ್ಲಿ ಈ ಶಬ್ದಗಳ ಪಾಠಾಂತರಗಳನ್ನು ಒಂದನ್ನೂ ಬಿಡದೆ ಅಡಿಟಿಪ್ಪಣಿಯಲ್ಲಿ ನಮೂದಿಸುವುದೂ, ಮಾಸನಾಮ ಬಂದಲ್ಲೆಲ್ಲ ಗ್ರಂಥಕಾಲದ ಅಯನಾಂತರವನ್ನು ಸೂಚಿಸುವುದೂ ಅವಶ್ಯವೆಂದು ವಿದ್ವಾಂಸರಲ್ಲಿ ವಿಜ್ಞಾಪಿಸಲಾಗಿದೆ.